ಎಡಹೆಗಲಿನ ನಾಲ್ಕು ಕುಣಿಕೆ

ನಮ್ಮ ದೊಡ್ಡಮ್ಮ ಯಾರನ್ನೂ ನಂಬುವವಳಲ್ಲ. ಅಂಗಡಿಯವನ ತಕ್ಕಡಿ, ಡಾಕ್ಟರ ಮಾತ್ರೆ, ನಾನು ಟೀಗೆ ಹಾಕಿದ ಸಕ್ಕರೆ, ಎಲ್ಲದರಲ್ಲೂ ಅವಳಿಗೆ ಹುಳುಕು ಕಾಣುತ್ತದೆ. ಗಂಡನನ್ನಂತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ. ಆ ಸಾಧುಪ್ರಾಣಿ ಮಾಡುವ ಅಪರಾಧವೆಂದರೆ ಆಗೊಮ್ಮೆ ಈಗೊಮ್ಮೆ ಬಿಸ್ಕೆಟ್ ಕದಿಯುವುದು. ಅವಳು ನಂಬಿದ್ದು ಒಂದನ್ನೇ, ಟಿವಿಗೆ ಜೋಡಿಸಿದ ತನ್ನ ಓಬೀರಾಯನ ಕಾಲದ ಕಂಪ್ಯೂಟರನ್ನು.

ದೊಡ್ಡಮ್ಮನ ಕಸುಬು ಸ್ವೆಟರ್ ಹೆಣೆಯುವುದು. ಎದೆಯ ಸುತ್ತಳತೆ ಒತ್ತಿದರೆ ಯಾವ ಸಾಲಿಗೆ ಎಷ್ಟು ಕುಣಿಕೆ ಎಂದು ಅದರ ಪ್ರೋಗ್ರಾಂ ಪರದೆಯ ಮೇಲೆ ತೋರಿಸುತ್ತಿತ್ತು. ಅವಳಿಗೆ ಅದು ವೇದವಾಕ್ಯ. ದಪ್ಪಗಿರುವ ಗಿರಾಕಿಗಳು ಎಡಹೆಗಲು ಬಿಗಿ ಎಂದು ಗೊಣಗಿದರೆ, “ಸ್ವೆಟರ್ ಸರಿಯಾಗೇ ಇದೆ, ನೀವೇ ಸೊಟ್ಟ” ಎನ್ನುತ್ತಿದ್ದಳು. ದೊಡ್ಡಪ್ಪನೂ ದಪ್ಪ. ಆದರೆ ಅವರ ಎಡಹೆಗಲು ತುಸು ಕುಗ್ಗಿದ್ದರಿಂದ ಸ್ವೆಟರ್ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. “ನೋಡಿ, ನಮ್ಮನೆಯವರಿಗೆ ಹೇಗೆ ಕೂತಿದೆ!” ಎಂದು ಅವರನ್ನೇ ಸಾಕ್ಷಿಗೆ ನಿಲ್ಲಿಸುತ್ತಿದ್ದಳು.

ಆ ಕಾಲದ ಕಂಪ್ಯೂಟರಿಗೆ ಪ್ರೋಗ್ರಾಂ ತುಂಬುತ್ತಿದ್ದದ್ದು ಹಾಡಿನ ಕ್ಯಾಸೆಟ್ಟಿನಂಥದ್ದರಿಂದ. ಒಂದು ದಿನ ಅದರ ಟೇಪು ಸಿಕ್ಕಿಕೊಂಡು ಹರಿದುಹೋಯಿತು. ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಸ್ವಂತ ಲೆಕ್ಕದಲ್ಲಿ ಹೆಣೆಯಲು ದೊಡ್ಡಮ್ಮನಿಗೆ ಧೈರ್ಯವಿಲ್ಲ, ಹೆಣಿಗೆ ಬಿಟ್ಟರೆ ಬದುಕಿಲ್ಲ. ಬದಲಿ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಮೊದಲು ಸಿಕ್ಕಿದ ಪ್ರೋಗ್ರಾಂ ಚೆಂದದ ಹೂಬಳ್ಳಿ ಬಿಡಿಸಿತೇ ಹೊರತು ಕುಣಿಕೆ ಎಣಿಸಲಿಲ್ಲ. ಇನ್ನೊಂದು ಬೇರೆ ಕಂಪ್ಯೂಟರಿನದು, ಪರದೆ ತುಂಬ ಕಸ ಚೆಲ್ಲಿ ಕೂತಿತು. ಕೊನೆಗೆ ಇಂಥ ಹಳೆ ಯಂತ್ರಗಳ ಹುಚ್ಚಿದ್ದ ರೇಡಿಯೋ ರಿಪೇರಿಯವರೊಬ್ಬರು ತಾವೇ ಒಂದು ಪ್ರೋಗ್ರಾಂ ಬರೆದು, ಕ್ಯಾಸೆಟ್ಟಿಗೆ ತುಂಬಿ, ಕಾಸೂ ಕೇಳದೆ ಕಳಿಸಿದರು. ಕಾಸು ಕೇಳದ್ದೇ ತಪ್ಪಾಯಿತು.

“ಪುಕ್ಕಟೆ ಯಾಕೆ ಕೊಟ್ಟ? ಏನೋ ಮಸಲತ್ತಿದೆ.”

“ಒಳ್ಳೆಯವರು ಅಂತ ಇರಲ್ವಾ ದೊಡ್ಡಮ್ಮ?”

“ಇರ್ತಾರೆ, ಗೋಡೆ ಮೇಲೆ, ಫೋಟೋದಲ್ಲಿ.”

ಪರೀಕ್ಷೆಗೆಂದು ದೊಡ್ಡಪ್ಪನ ಅಳತೆ ಒತ್ತಿ, ಅವರ ಹಳೆ ಸ್ವೆಟರನ್ನು ತೊಡೆಯ ಮೇಲೆ ಹರಡಿಕೊಂಡು ಕುಣಿಕೆ ಎಣಿಸುತ್ತ ಕೂತಳು. ಆಮೇಲೆ ಕಳ್ಳನನ್ನು ಹಿಡಿದವಳ ಹಾಗೆ ಕೂಗಿದಳು.

“ಸಿಕ್ಕಿಬಿದ್ದ ನೋಡು! ಇದು ಎರಡೂ ಹೆಗಲಿಗೆ ಒಂದೇ ಲೆಕ್ಕ ಕೊಡ್ತಿದೆ. ಹಳೇದು ಎಡಕ್ಕೆ ನಾಲ್ಕು ಕಮ್ಮಿ ಹೇಳೋದು. ನಮ್ಮನೆಯವರ ಹೆಗಲು ಚಿಕ್ಕದು ಅಂತ ಅದಕ್ಕೆ ಗೊತ್ತಿತ್ತು.”

“ಹೇಗೆ ಗೊತ್ತಿರತ್ತೆ? ನೀನು ಕೊಡ್ತಿದ್ದದ್ದು ಎದೆ ಅಳತೆ ಒಂದೇ ಅಲ್ವಾ?”

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅವಳ ವೇದವಾಕ್ಯ ದೊಡ್ಡ ಅಳತೆ ಬಂದಾಗಲೆಲ್ಲ ಎಡಹೆಗಲಿನ ಲೆಕ್ಕ ತಪ್ಪುತ್ತಿತ್ತು, ಅಷ್ಟೇ.

ದೊಡ್ಡಮ್ಮ ಅಳತೆ ಟೇಪು ಹಿಡಿದು ಎದ್ದಳು. ಪೇಪರ್ ಓದುತ್ತಿದ್ದ ದೊಡ್ಡಪ್ಪನ ಸ್ವೆಟರ್ ಬಿಚ್ಚಿಸಿ, ಗೋಡೆಗೆ ನೆಟ್ಟಗೆ ನಿಲ್ಲಿಸಿ ಎರಡೂ ಹೆಗಲು ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಏನ್ರೀ ಇದು?”

ದೊಡ್ಡಪ್ಪ ಬಿಸ್ಕೆಟ್ ಕದ್ದಾಗಿನ ಮುಖ ಮಾಡಿದರು. “ಬಿಗಿಯಾಗ್ತಿತ್ತು ಕಣೇ. ಹೆಗಲು ಒಳಗೆಳ್ಕೊಂಡ್ರೆ ಸರಿಯಾಗಿ ಕೂರೋದು.”

“ಇಷ್ಟು ವರ್ಷ? ನನಗೊಂದು ಮಾತು ಹೇಳ್ಬಾರ್ದಿತ್ತಾ?”

“ನೀನು ನಂಬ್ತಿದ್ದದ್ದು ಅದೊಂದನ್ನೇ. ಅದನ್ನೂ ಯಾಕೆ ಕಿತ್ಕೊಳ್ಳೋದು ಅಂತ ಸುಮ್ಮನಿದ್ದೆ.”

ದೊಡ್ಡಮ್ಮ ಅಳತೆ ಟೇಪನ್ನು ಮೆಲ್ಲಗೆ ಸುತ್ತಿಟ್ಟಳು. ನನ್ನ ಖುಷಿಯೂ ಇಳಿದುಹೋಯಿತು. ಹೊಸ ಲೆಕ್ಕದಲ್ಲಿ ಅವಳು ದೊಡ್ಡಪ್ಪನಿಗೊಂದು ಸ್ವೆಟರ್ ಹೆಣೆದಳು. ತೊಟ್ಟುಕೊಂಡು ಅವರು ಸಿಪಾಯಿಯಂತೆ ನಿಂತರು. ಕನ್ನಡಿಯತ್ತ ತಿರುಗುವಷ್ಟರಲ್ಲಿ ಎಡಹೆಗಲು ತಾನಾಗಿಯೇ ಒಳಗೆ ಹೋಯಿತು, ಆ ಕಡೆಯ ಉಲನ್ ಜೋತುಬಿತ್ತು.

“ಅಭ್ಯಾಸ ಆಗ್ಬಿಟ್ಟಿದೆ ಕಣೇ,” ಎಂದು ದೊಡ್ಡಪ್ಪ ನಕ್ಕರು.

ದೊಡ್ಡಮ್ಮ ನಗಲಿಲ್ಲ. ಸ್ವೆಟರ್ ತೆಗೆಸಿಕೊಂಡು ಕಿಟಕಿಯ ಬಳಿ ಕೂತು ಎಡಹೆಗಲನ್ನು ಬಿಚ್ಚಿದಳು. ಪರದೆಯತ್ತ ತಿರುಗಿಯೂ ನೋಡದೆ, ಬೆರಳಿನಲ್ಲೇ ಎಣಿಸುತ್ತ, ನಾಲ್ಕು ಕುಣಿಕೆ ಕಡಿಮೆ ಹಾಕಿ ಮತ್ತೆ ಹೆಣೆದಳು.