ಅವ್ವ ಕಲಿಸದ ಕೆಲಸ

ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಾಗ ಯಾವುದಾದರೂ ಒಂದು ಶಾಲೆಯವರು ನನ್ನನ್ನು ಕರೆಯುತ್ತಾರೆ. "ಹೋಗೋ ಮಕ್ಕಳಿಗೆ ನಾಲ್ಕ ಮಾತ ಹೇಳ್ರಿ ಬಾಯಾರ, ನಿಮ್ಮ ಮನೆತನದಾಗ ನೀವ ಮೊದಲ ಪದವೀಧರರು" ಅನ್ನುತ್ತಾರೆ. ಹೋಗುತ್ತೇನೆ. ಶಾಲು ಹೊದಿಸುತ್ತಾರೆ. ನನಗಿಂತ ಮೊದಲು ಮಾತಾಡಿದವರು, ಓದಿದರೆ ದಾರಿ ತೆರೆಯುತ್ತದೆ ಅಂದಿರುತ್ತಾರೆ. ನಾನೂ ಅದನ್ನೇ ಅಂದು ಕೂತುಬಿಡುತ್ತೇನೆ. ಅದು ಸುಳ್ಳಲ್ಲ. ಆದರೆ ಓದು ಮುಗಿಯುವುದಕ್ಕೂ ದಾರಿ ತೆರೆಯುವುದಕ್ಕೂ ನಡುವೆ ಒಂದು ಕಾಲ ಇರುತ್ತದೆ. ಅದರ ಬಗ್ಗೆ ಯಾವ ಅತಿಥಿಯೂ ಮಾತಾಡುವುದಿಲ್ಲ. ಮೈಕಿನ ಮುಂದೆ ನನ್ನ ಬಾಯಿಂದಲೂ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾವು ನಿಪ್ಪಾಣಿಯ ಒಂದು ಗಲ್ಲಿಯಲ್ಲಿದ್ದೆವು. ನಾವು ಅಂದರೆ ಅವ್ವ ಮತ್ತು ನಾನು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದ. ಗಲ್ಲಿಯಲ್ಲಿ ಹೊರಗೆ ಮರಾಠಿ, ಒಳಗೆ ಕನ್ನಡ. ಒಳಗೂ ಹೊರಗೂ ತಂಬಾಕಿನ ವಾಸನೆ. ಗಂಡಸರು ತಂಬಾಕು ತುಂಬಿಡುವ ವಖಾರಿಗೆ ದುಡಿಯಲು ಹೋದರೆ ಹೆಂಗಸರು ಹೊಸ್ತಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ಮೊರ, ಮೊರದಲ್ಲಿ ಒಂದು ಕಡೆ ತಂಬಾಕು, ಒಂದು ಕಡೆ ಕತ್ತರಿಸಿದ ಎಲೆ, ಹಲ್ಲಿನ ನಡುವೆ ದಾರ. ಬಾಯಿ ಊರ ಸುದ್ದಿ ಹೇಳುತ್ತಿದ್ದರೂ ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು.

ನಮ್ಮ ಗಲ್ಲಿಯಲ್ಲಿ ಹೆಣ್ಣುಮಗಳು ಜಡೆ ಹಾಕಿಕೊಳ್ಳಲು ಕಲಿಯುವ ಹೊತ್ತಿಗೆ ಬೀಡಿ ಕಟ್ಟುವುದನ್ನೂ ಕಲಿತಿರುತ್ತಿದ್ದಳು. ಹುಡುಗಿಯರೆಲ್ಲ ಸಂಜೆ ಸಾಲಿಯಿಂದ ಬಂದವರೇ ಪಾಟಿಚೀಲ ಒಗೆದು ಅವ್ವಂದಿರ ಪಕ್ಕ ಕೂರುತ್ತಿದ್ದರು. ನಾನೊಬ್ಬಳೇ ಕೂರುತ್ತಿರಲಿಲ್ಲ. ಅವ್ವ ಕೂರಗೊಡುತ್ತಿರಲಿಲ್ಲ. ಆಟಕ್ಕೆಂದು ಒಂದು ಎಲೆ ಮುಟ್ಟಿದರೂ ಕತ್ತರಿಯ ಹಿಡಿಕೆಯಿಂದ ಬೆರಳ ಗಂಟಿಗೆ ಕುಟ್ಟುತ್ತಿದ್ದಳು.

"ಮುಟ್ಟಬ್ಯಾಡ ಅಂದ್ನಿಲ್ಲ? ಏಳ, ಏಳ. ಪುಸ್ತಕ ಹಿಡಿ."

ಎದುರುಮನೆಯ ಮಾಂವಶಿಗೆ ಇದು ದೊಡ್ಡ ಮೋಜು. ಸಂಬಂಧದಲ್ಲಿ ಚಿಕ್ಕಮ್ಮನೇನೂ ಅಲ್ಲ, ಗಲ್ಲಿಯ ಎಲ್ಲರಿಗೂ ಆಕೆ ಮಾಂವಶಿಯೇ. "ಅಯ್ಯ, ನಿನ್ನ ಮಗಳ ಬೊಟ್ಟ ಏನ ಬಂಗಾರದ್ದ ಏನ? ಬ್ಯಾಂಕಿನ್ಯಾಗ ಇಡ ಮತ್ತ" ಅನ್ನುತ್ತಿದ್ದಳು. ಅವ್ವ ನಗುತ್ತಿರಲಿಲ್ಲ.

ಯಾಕೆ ಅಂತ ಅವ್ವ ಒಮ್ಮೆ ಮಾತ್ರ ಹೇಳಿದ್ದಳು. ಆಕೆ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವಳ ಅವ್ವನಿಗೆ ಬಾಣಂತನ. ಮನೆಯವರು ಮೊರದ ಮುಂದೆ ಇವಳನ್ನು ಕೂರಿಸಿ, "ಸ್ವಲ್ಪ ದಿನ ಅಷ್ಟ, ಆಮ್ಯಾಲ ಸಾಲಿಗೆ ಹೋಗುವಂತಿ" ಅಂದರಂತೆ. ಬಾಣಂತನ ಮುಗಿಯಿತು, ಮಳೆಗಾಲ ಬಂತು, ಹಬ್ಬ ಬಂತು, ಇವಳ ಕೈ ಓಡತೊಡಗಿತು. ಓಡುವ ಕೈಯನ್ನು ಸಾಲಿಗೆ ಕಳಿಸಲು ಯಾರಿಗೆ ಮನಸ್ಸು ಬರುತ್ತದೆ? "ಕೈ ಕಲೀಬಾರದಿತ್ತ ನಂದು. ಕಲೀದಿದ್ರ ಬೈದ ಎಬ್ಬಿಸಿ ಸಾಲಿಗೆ ಕಳಸ್ತಿದ್ರು" ಅಂದಿದ್ದಳು ಅವ್ವ. ಆದ್ದರಿಂದ ನನ್ನ ಕೈಗೆ ಅದು ಬರಲೇಬಾರದು. ಬಾರದಿದ್ದರೆ ಯಾರೂ ಕೂರಿಸುವುದಿಲ್ಲ. ಬೀಡಿ ಕಟ್ಟುವವರಲ್ಲದೆ ಬೇರೆ ಯಾರಿಗೂ ಈ ಲೆಕ್ಕ ಹೊಳೆಯಲಾರದು.

ಲೆಕ್ಕ ಬಹಳ ವರ್ಷ ಸರಿಯಾಗಿಯೇ ನಡೆಯಿತು. ಹತ್ತನೆಯದು ಪಾಸಾದೆ. ಊರಿನದೇ ಕಾಲೇಜು ಸೇರಿದೆ. ಬಿ.ಎ. ಕೂಡ ಮುಗಿಸಿದೆ. ಗಲ್ಲಿಯಲ್ಲಿ ಗಂಡು ಹೆಣ್ಣು ಸೇರಿ ಮೊದಲ ಪದವಿ ನನ್ನದು. ಈಗಲೂ ಅದನ್ನು ಎದೆ ಸೆಟೆಸಿಯೇ ಹೇಳುತ್ತೇನೆ, ಯಾರಿಗೆ ಹೆಚ್ಚೆನಿಸಿದರೂ ಆಗಲಿ. ಫಲಿತಾಂಶ ಬಂದ ದಿನ ಅವ್ವ ಕೈ ತೊಳೆದುಕೊಂಡು, ಮೊರ ಗೋಡೆಗೆ ಆನಿಸಿ, ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಫೇಡೆ ಹಂಚಿದಳು.

ಫೇಡೆ ಮುಗಿದ ಮರುದಿನದಿಂದ ಶುರುವಾಯಿತು ನಾನು ಹೇಳುತ್ತಿರುವ ಆ ಕಾಲ.

ಮೊದಲು ಎಲ್ಲರೂ ಕೇಳುತ್ತಿದ್ದರು: "ಮತ್ತ? ನೌಕರಿ ಎಲ್ಲಿ?" ಆಮೇಲೆ ಕೇಳುವುದು ಬಿಟ್ಟರು. ಕೇಳುವುದನ್ನು ಬಿಟ್ಟದ್ದೇ ಹೆಚ್ಚು ಕೆಟ್ಟದ್ದು. ಚಿಕ್ಕೋಡಿ, ರಾಯಬಾಗ, ಅಥಣಿ, ಎಲ್ಲ ಕಡೆ ಅರ್ಜಿ ಹಾಕಿದೆ. ಬಸ್ಸಿನಲ್ಲಿ ಹೋಗಿ ಕಚೇರಿಗಳ ಕಟ್ಟೆಯ ಮೇಲೆ ಕೂತು ಬಂದೆ. ಒಬ್ಬರು ಬಿ.ಎಡ್. ಮಾಡಿಕೊಂಡು ಬಾ ಅಂದರು. ಒಬ್ಬರು ಟೈಪಿಂಗ್ ಬರುತ್ತದೇನು ಅಂದರು. ಅಥಣಿಯಲ್ಲೊಬ್ಬ ಹಿರಿಯರು ನನ್ನನ್ನು ಕೂರಿಸಿ, ಚಹಾ ಕೊಟ್ಟು, "ನಿಮ್ಮವರು ಅಂತ ಯಾರದಾರವಾ, ಮ್ಯಾಲಿನವರಿಗೆ ಒಂದ ಮಾತ ಹೇಳಾವ್ರು?" ಅಂದರು. ಯಾರೂ ಇಲ್ರಿ ಅಂದೆ. ಅವರು ಪಾಪ ಅನ್ನುವಂತೆ ತಲೆ ಆಡಿಸಿ ಬೇರೆಯವರ ಕಡೆ ತಿರುಗಿದರು.

ಬೋರಗಾಂವದಿಂದ ಒಂದು ಸಂಬಂಧವೂ ಬಂತು. ಮಗ್ಗದ ಮನೆಯವರು. ಹುಡುಗನ ತಾಯಿ ನನ್ನ ಮುಖಕ್ಕಿಂತ ಹೆಚ್ಚು ಹೊತ್ತು ನನ್ನ ಕೈ ನೋಡಿದಳು.

"ದಿನಾ ಎಷ್ಟ ಕಟ್ಟತಾಳ್ರಿ ಹುಡುಗಿ?"

"ಆಕಿ ಬೀಡಿ ಕಟ್ಟೂದಿಲ್ರಿ" ಅಂದಳು ಅವ್ವ, ಬೆನ್ನು ನೆಟ್ಟಗೆ ಮಾಡಿ. "ಬಿ.ಎ. ಮಾಡ್ಯಾಳ."

"ಅದು ಛಲೋ ಆತ ಬಿಡ್ರಿ. ಮತ್ತ ಕೈಕೆಲಸ ಏನ ಬರತೈತಿ?"

"ಬರೀತಾಳ್ರಿ. ಕನ್ನಡಾ, ಮರಾಠಿ, ಇಂಗ್ಲೀಷ, ಮೂರೂ."

"ನಮ್ಮ ಮನ್ಯಾಗ ಬರಿಯೂದ ಏನಿರತೈತ್ರಿ? ಕಿರಾಣಿ ಚೀಟಿ. ಅದನ್ನೂ ಅಂಗಡಿಯವನ ಬರಕೋತಾನ."

ಎಲ್ಲರೂ ನಕ್ಕರು. ಬಂದವರು ಒಳ್ಳೆಯವರೇ. ಚೂಡಾ ತಿಂದು, ಚಹಾ ಕುಡಿದು, ಹೇಳಿ ಕಳಿಸುತ್ತೇವೆ ಅಂದು ಹೋದರು. ಹೇಳಿ ಕಳಿಸಲಿಲ್ಲ. ಆ ದಿನ ಮೊದಲ ಬಾರಿಗೆ ನನಗೆ ಗೊತ್ತಾಯಿತು: ನಾನು ಕಲಿತದ್ದು ಇನ್ನೂ ಯಾರಿಗೂ ಬೇಕಾಗಿಲ್ಲ, ಬೇಕಾದದ್ದು ನನಗೆ ಬರುವುದಿಲ್ಲ. ಇಪ್ಪತ್ತು ದಾಟಿದ ಮೈ, ಎರಡು ಹೊತ್ತು ಉಣ್ಣುತ್ತೇನೆ. ಉಣ್ಣುವುದನ್ನು ಅವ್ವನ ಬೆರಳು ಗಳಿಸುತ್ತದೆ.

ಆ ಬೆರಳು ಕೈಕೊಟ್ಟಿತು. ಬಲಗೈಯ ಹೆಬ್ಬೆರಳು, ಅದರ ಪಕ್ಕದ್ದು, ಎರಡೂ ಜೋಮು ಹಿಡಿದು ಸೂಜಿ ಚುಚ್ಚಿದರೂ ತಿಳಿಯದಂತಾದವು. ಡಾಕ್ಟರು ಕೈಗೆ ವಿಶ್ರಾಂತಿ ಕೊಡು ಅಂದರು. ಅವ್ವ ಕೈಗೆ ಬಟ್ಟೆ ಸುತ್ತಿಕೊಂಡು ಕಟ್ಟಿದಳು. ಬೀಡಿ ಸಡಿಲಾದವು. ಕಂಪನಿಯವರು ಬೀಡಿ ತೆಗೆದುಕೊಳ್ಳುವಲ್ಲಿ ತಪಾಸಣೆಗೆ ಕೂತವನು ಕಟ್ಟು ಬಿಚ್ಚಿ, ಒತ್ತಿ ನೋಡಿ, ಸರಿಯಿಲ್ಲದ್ದನ್ನು ಬದಿಗೆ ಒಗೆಯುತ್ತಾನೆ. ಹಾಗೆ ಒಗೆದದ್ದಕ್ಕೆ ನಮ್ಮಲ್ಲಿ ಛಾಟ ಅನ್ನುತ್ತಾರೆ. ಮೊದಲೆಲ್ಲ ಅವ್ವನ ಬೀಡಿಯಲ್ಲಿ ಛಾಟ ಬೀಳುತ್ತಿರಲಿಲ್ಲ. ಈಗ ರಾಶಿ ಬೀಳತೊಡಗಿತು.

"ಏನ ಯಕ್ಕಾ, ಕಣ್ಣ ಮುಚ್ಚಿ ಕಟ್ಟಾಕತ್ತೀ ಏನ?" ಅಂದ ಆತ. "ಹಿಂಗ ನಡದ್ರ ಮುಂದಿನ ತಿಂಗಳ ಎಲಿ ಕೊಡಾಕ ಆಗೂದಿಲ್ಲ ನೋಡ. ಕಾರ್ಡ ಬ್ಯಾರೆದವರಿಗೆ ಹೋಗತೈತಿ."

ಆ ಕಾರ್ಡಿನ ಮೇಲೇ ಕಂಪನಿ ಎಲೆ, ತಂಬಾಕು ಕೊಡುತ್ತಿತ್ತು; ಕಾರ್ಡು ಹೋದರೆ ಎಲೆ ಇಲ್ಲ. ಎಲೆ ಇಲ್ಲದಿದ್ದರೆ ಒಲೆ ಇಲ್ಲ. ನಮಗೆ ಹೊಲ ಇರಲಿಲ್ಲ, ಹಿಂದೆ ಮುಂದೆ ಯಾರೂ ಇರಲಿಲ್ಲ. "ನಾ ಕಟ್ಟತೇನ ಅವ್ವಾ" ಅಂದೆ. ಆಕೆ ನನ್ನ ಕಡೆ ನೋಡಲೂ ಇಲ್ಲ. "ಕಾರ್ಡ ಹೋದ್ರ ಹೋಗಲಿ. ನೀ ಮೊರದ ಮುಂದ ಕುಂಡ್ರಬ್ಯಾಡ."

ಇಂಥಲ್ಲಿ ಹಟ ಅಂದರೆ ಏನು ಅಂತ ಓದುವ ಮಕ್ಕಳಿಗೆ ಹೇಗೆ ಹೇಳಲಿ? ಆಕೆಗೆ ಉಪವಾಸದ ಹೆದರಿಕೆ ಇರಲಿಲ್ಲ. ನನ್ನ ಕೈ ಕಲಿತುಬಿಡುತ್ತದೆ ಅನ್ನುವ ಹೆದರಿಕೆ ಇತ್ತು.

ಮಧ್ಯಾಹ್ನ ಅರ್ಜಿ ಬರೆಯುತ್ತೇನೆಂದು ಹೇಳಿ ಎದುರುಮನೆಗೆ ಹೋದೆ. ಮಾಂವಶಿ ತನ್ನ ಮೊರವನ್ನು ನನ್ನ ತೊಡೆಗೆ ಏರಿಸಿದಳು. ನನ್ನ ಮೊದಲ ಬೀಡಿ ನೋಡಿ ಗಲ್ಲಿಗೇ ಕೇಳುವಂತೆ ನಕ್ಕಳು. "ಏ ಬಿ.ಎ. ಬಾಯಿ, ಇದು ಬೀಡಿ ಅಲ್ಲವಾ, ಬಸರಿ! ಹೊಟ್ಟಿ ನೋಡ ಇದರದ!" ನಾನೂ ನಕ್ಕೆ. ನಗುನಗುತ್ತಲೇ ಅಳು ಬಂತು. ಆಕೆ ಸೆರಗಿನಿಂದ ನನ್ನ ಮುಖ ಒರೆಸಿ, "ಎಲಿ ಮ್ಯಾಲೆ ಕಣ್ಣೀರ ಬೀಳಿಸಬ್ಯಾಡ, ಬೂಸ್ಟ ಹಿಡೀತೈತಿ" ಅಂದಳು.

ಎಷ್ಟು ದಿನ ಮುಚ್ಚಿಡಲು ಆಗುತ್ತದೆ? ತಂಬಾಕು ಬೆರಳಿಗೆ ಹತ್ತಿದರೆ ಬಿಡುವುದಿಲ್ಲ. ಒಂದು ದಿನ ಅವ್ವನ ತಾಟಿಗೆ ರೊಟ್ಟಿ ಹಾಕಿದೆ. ಆಕೆ ನನ್ನ ಕೈ ಹಿಡಿದು ಮೂಗಿನ ಹತ್ತಿರ ಒಯ್ದು, ಬಿಟ್ಟಳು. ಬೈಯಲಿಲ್ಲ. ರೊಟ್ಟಿ ಮುಟ್ಟದೆ ಎದ್ದಳು. ಎರಡು ದಿನದ ಮೇಲೆ ನಾನು ಬಟ್ಟೆ ಒಗೆದು ಒಳಗೆ ಬಂದಾಗ ಮೊರ ಮುಂದಿಟ್ಟುಕೊಂಡು ಕೂತಿದ್ದಳು.

"ಬಾ ಇಲ್ಲಿ. ಒಂದ ಕಟ್ಟ ನೋಡೂಣು."

ಕಟ್ಟಿದೆ. ಆಕೆ ಅದನ್ನು ಒತ್ತಿ ನೋಡಿ ಬಿಚ್ಚಿದಳು.

"ಎದುರಮನಿ ಆಕಿ ಕಲಿಸಿದ ಕೈ ಐತಿ ಇದು. ತುದಿ ಮಡಚೂದ ತಪ್ಪೈತಿ. ಹೀಂಗಲ್ಲ." ಜೋಮು ಹಿಡಿದ ತನ್ನ ಬೆರಳುಗಳಿಂದ ನನ್ನ ಹೆಬ್ಬೆರಳು ಹಿಡಿದು ಎಲೆಯ ತುದಿಗೆ ಇಟ್ಟಳು. ಬೆರಳ ಗಂಟಿಗೆ ಕುಟ್ಟುತ್ತಿದ್ದ ಕೈ ಅದೇ. "ಮಾಡೂದ ಆದ್ರ ಛಾಟ ಬೀಳದಂಗ ಮಾಡ."

ನನ್ನ ಅವ್ವ ಸೋತದ್ದನ್ನು ನಾನು ನೋಡಿದ್ದು ಅಂದು. ಅಪ್ಪ ಸತ್ತಾಗಲೂ ಆಕೆ ಹಾಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಚಿಕ್ಕೋಡಿಯ ಒಂದು ಶಾಲೆಯಲ್ಲಿ ಕಾರಕೂನಿಕೆಯ ಜಾಗಕ್ಕೆ ಕರೆ ಬಂತು. ಮೊದಲ ಕರೆ. ಹೋಗುವ ಮುಂಜಾನೆ ಅವ್ವ ನನ್ನನ್ನು ಬಚ್ಚಲಲ್ಲಿ ಕೂರಿಸಿ ಕೈ ತಿಕ್ಕಿದಳು. ಮೊದಲು ನಿಂಬೆಹಣ್ಣು, ಆಮೇಲೆ ಸೀಗೆಪುಡಿ, ಆಮೇಲೆ ಮತ್ತೆ ನಿಂಬೆಹಣ್ಣು. ಉಗುರಿನ ಸಂದಿ ಉರಿಯುತ್ತಿತ್ತು. "ಬೀಡಿ ಸುದ್ದಿ ತಗೀಬ್ಯಾಡ. ಕೇಳಿದ್ದಕ್ಕ ಅಷ್ಟ ಉತ್ತರ ಕೊಡ" ಅಂದಳು.

ಮೇಜಿನ ಆಚೆ ಮೂವರು ಕೂತಿದ್ದರು. ಕೇಳಿದ್ದಕ್ಕೆಲ್ಲ ಉತ್ತರಿಸಿದೆ. ನಡುವಿನವರು ಒಂದು ಹಾಳೆ ಸರಿಸಿ ಅಕ್ಷರ ಬರೆದು ತೋರಿಸು ಅಂದರು. ಬಾಗಿ ಬರೆದು ಹಾಳೆ ತಿರುಗಿ ಕೊಟ್ಟೆ. ಅವರು ಹಾಳೆಯನ್ನು ಮುಖದ ಹತ್ತಿರ ಒಯ್ದು, "ಅಕ್ಷರ ಮುತ್ತಿನಂಗ ಅದಾವ. ನಿಪ್ಪಾಣಿಯವರ ಏನ್ವಾ?" ಅಂದರು.

"ಹೌದ್ರಿ."

"ಹಾಳಿ ವಾಸನಿನ ಹೇಳತೈತಿ ಬಿಡ."

ಮೂವರೂ ನಕ್ಕರು. ಕೆಟ್ಟ ನಗುವಲ್ಲ, ಊಟಕ್ಕೆ ಏಳುವ ಮುಂಚೆ ಜನ ಹಗುರಾಗಿ ನಗುವಂಥದ್ದು. ನಾನೂ ಅವರ ಜೊತೆ ನಕ್ಕೆ. ಆಮೇಲಿನ ಬದುಕಿನಲ್ಲಿ ಬಹಳ ಚುಚ್ಚುಮಾತು ಕೇಳಿದ್ದೇನೆ, ಮರೆತಿದ್ದೇನೆ. ಅವರ ಜೊತೆ ನಾನು ನಕ್ಕದ್ದು ಮಾತ್ರ ಮರೆಯುತ್ತಿಲ್ಲ. ಆ ಜಾಗ ನನಗೆ ಸಿಗಲಿಲ್ಲ. ಸಿಕ್ಕದ್ದು ವರ್ಷಗಳಾದ ಮೇಲೆ, ರಾಯಬಾಗದಲ್ಲಿ, ಬೇರೊಂದು ಕಚೇರಿಯಲ್ಲಿ. ಅಲ್ಲಿಯವರೆಗೆ ಮನೆಯ ಒಲೆ ಉರಿದದ್ದು ಬಿ.ಎ. ಮಾಡಿದ ಕೈ ಕಟ್ಟಿದ ಬೀಡಿಯಿಂದ.

ಆದ್ದರಿಂದ ಸಾಲಿ ಮುಗಿಸಿ ಹೊರಡುವ ನಿಮಗೆ ನಾನು ಹೇಳಬೇಕಾದದ್ದು ಸಭೆಯಲ್ಲಿ ಚಪ್ಪಾಳೆ ತರುವಂಥದ್ದಲ್ಲ. ಓದು ಬಿಡಬೇಡಿ. ಆದರೆ ಪದವಿ ಸಿಕ್ಕ ಮರುದಿನ ನಿಮಗಾಗಿ ಯಾರೂ ಕಾಯುತ್ತಿರುವುದಿಲ್ಲ. ಆ ಕಾಲ ಬಂದಾಗ ನಿಮ್ಮಲ್ಲೇನೋ ಕೊರತೆ ಇದೆ ಅಂತ ತಿಳಿಯಬೇಡಿ, ಅದು ಎಲ್ಲರಿಗೂ ಬರುತ್ತದೆ, ಹಿಂದೆ ಯಾರೂ ಇಲ್ಲದವರಿಗೆ ಉದ್ದ ಬರುತ್ತದೆ. ಮನೆಯ ಕೆಲಸ ಕೈಗೆ ಹತ್ತಲಿ, ಹೆದರಬೇಡಿ. ಆದರೆ ಕೈಗೆ ಹತ್ತಿದ ಮೇಲೆ ಎದ್ದು ಬರುವುದು ಕಷ್ಟ ಅನ್ನುವ ನನ್ನ ಅವ್ವನ ಹೆದರಿಕೆಯನ್ನೂ ಸುಳ್ಳು ಅನ್ನಬೇಡಿ. ಎರಡೂ ಖರೆ. ಇವೆರಡರ ನಡುವೆ ಹೇಗಿರಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ನನಗೂ ಸರಿಯಾಗಿ ಗೊತ್ತಿಲ್ಲ. ಬೀಡಿ ಕಟ್ಟುತ್ತಲೇ ಅರ್ಜಿ ಹಾಕುತ್ತಿದ್ದೆ, ಅಷ್ಟು ಗೊತ್ತು.

ಚಿಕ್ಕೋಡಿಯಿಂದ ಹಿಂದಿರುಗಿದಾಗ ಸಂಜೆಯ ಬಿಸಿಲು ಇನ್ನೂ ಹೊಸ್ತಿಲ ಮೇಲಿತ್ತು. ಅವ್ವ ಅಲ್ಲೇ ಕೂತಿದ್ದಳು. ಮಾಂವಶಿ ತನ್ನ ಬಾಗಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು.

"ವಾಸನಿ ಬಂತಂತ ಏನ?" ಅಂದಳು ಅವ್ವ. ಅದೊಂದೇ ಕೇಳಿದಳು.

"ಇಲ್ಲವ್ವಾ."

ನಾನು ಸೀರೆಯ ಸೆರಗು ಸಿಕ್ಕಿಸಿ ಅವಳ ಪಕ್ಕ ಬಗ್ಗಿದೆ. ಮೊರದಲ್ಲಿ ಎಲೆ ಇನ್ನೂ ಒದ್ದೆಯಾಗಿತ್ತು. ಒಣಗಿದರೆ ಕೆಲಸಕ್ಕೆ ಬಾರದು. ಏನಾದರೂ ಹೇಳಬೇಕಲ್ಲ ಅಂತ ಹೇಳಿದೆ: "ಸ್ವಲ್ಪ ದಿನ ಅಷ್ಟ, ಅವ್ವಾ."

ಹೇಳಿದ ಮೇಲೆ ನನಗೇ ಕೇಳಿಸಿತು, ಅವ್ವನನ್ನು ಮೊದಲ ಸಲ ಮೊರದ ಮುಂದೆ ಕೂರಿಸಿದಾಗ ಅಂದ ಮಾತು ಅದೇ. ಅವ್ವ ಸರಿದು, ಹೊಸ್ತಿಲಲ್ಲಿ ನನಗೆ ಜಾಗ ಮಾಡಿದಳು.