ಟ್ರೆಬಲ್ ಇಳಿಸಿ ಕೇಳಿದ ತಟ್ಟೆ

ಕಮಲಾಪುರಕ್ಕೆ ಹೆಣ್ಣು ನೋಡಲು ಹೋದಾಗ ನಮ್ಮ ತಾಯಿ ಪದ್ಧತಿಯಂತೆ, "ಒಂದು ಹಾಡು ಹೇಳಿಸ್ರೀ" ಎಂದರು. ಹುಡುಗಿ ಬಾಯಿ ಬಿಡಲಿಲ್ಲ. ಅವಳ ಸೋದರಮಾವ ಒಂದು ಭಜನೆಯ ಗ್ರಾಮಫೋನ್ ತಟ್ಟೆಯನ್ನು ಪ್ಲೇಯರಿಗೆ ಹಾಕಿ, "ಇದರಾಗ ನಮ್ಮ ಹುಡುಗಿನೂ ಇದ್ದಾಳ್ರೀ" ಎಂದರು. ಹೆಂಗಸರ ಮೇಳ. ನಮ್ಮವರೆಲ್ಲ ತಲೆದೂಗಿದರು. ಮದುವೆಯಾಗಿ ಅವಳು ಬ್ರಹ್ಮಪುರದ ನಮ್ಮ ಮನೆಗೆ ಬಂದಾಗ ಆ ತಟ್ಟೆಯೂ ಬಂತು.

ಊರೆಲ್ಲ ಕ್ಯಾಸೆಟ್ಟಿಗೆ ತಿರುಗಿದ್ದ ಕಾಲ. ನಾನು ಮಾತ್ರ ಹಳೆಯ ಪ್ಲೇಯರ್ ಬಿಟ್ಟಿರಲಿಲ್ಲ. ಅದರಲ್ಲಿ ಮೇಳದ ದನಿಗಳು ಕಲಸಿದ ಮೊಸರನ್ನದಂತೆ ಒಂದೇ ಮುದ್ದೆ. ಇದರಲ್ಲಿ ನನ್ನ ಹೆಂಡತಿ ಎಲ್ಲಿ? ಮನೆಯಲ್ಲಿ ಅವಳು ಗುನುಗುವುದೂ ಇಲ್ಲ. ಹಾಡು ಎಂದರೆ ಸಾಕು, ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋಗುವಳು. ಅವಳ ದನಿ ಹುಡುಕುವ ಹುಚ್ಚು ನನಗೆ ಹಿಡಿಯಿತು.

ಸೇಡಂ ರಸ್ತೆಯ ರೇಡಿಯೋ ರಿಪೇರಿಯವರು ಬೆಂಕಿಗೆ ತುಪ್ಪ ಸುರಿದರು. "ಮುಳ್ಳು ಕೂಡಿಸೋ ಡಬ್ಬಿ ಅದಲ್ರೀ, ಕಾರ್ಟ್ರಿಜ್, ನಿಮ್ಮದು ಸೆರಾಮಿಕ್. ಭಾಳ ಭಾರ. ಮ್ಯಾಗ್ನೆಟಿಕ್ ಹಾಕಿ ನೋಡ್ರಿ, ಏಕದಂ ಸಾಫ್."

ಭಾನುವಾರದ ಮಧ್ಯಾಹ್ನ ಪರದೆ ಇಳಿಸಿ, ನೆಲಕ್ಕೆ ನೀರು ಚಿಮುಕಿಸಿ, ಹಳೆಯ ಕಾರ್ಟ್ರಿಜ್, ಅವರಿಂದ ಕೊಂಡು ತಂದ ಹೊಸದು, ಎರಡನ್ನೂ ಬದಲಿಸಿ ಬದಲಿಸಿ ಕೇಳುತ್ತಿದ್ದೆ. ಸೆರಾಮಿಕ್‌ನಲ್ಲಿ ಬೆಚ್ಚಗಿನ ಗದ್ದಲ. ಮ್ಯಾಗ್ನೆಟಿಕ್‌ನಲ್ಲಿ ದನಿಗಳು ಒಬ್ಬೊಬ್ಬರಾಗಿ ಪಡಸಾಲೆಗೆ ಬಂದು ಕೂತವು. ಅದರಲ್ಲೊಂದು ತೆಳ್ಳಗಿನ ದನಿ, ಸಾಲಿನ ಕೊನೆಗೆ ಉಸಿರು ಸಾಲದೆ ತುಸು ತಡವಾಗುವಂಥದು. ಇವಳೇ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಅರೆನಿದ್ದೆಯಲ್ಲಿ ಆ ದನಿಯ ಹಿಂದೆ ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಅಲೆಯುತ್ತಿದ್ದೆ. ಎಲೆಗಳ ನಡುವೆ ಬಿಸಿಲು ಹಸಿರಾಗಿ ಇಳಿಯುತ್ತಿತ್ತು. ಅಡ್ಡಿ ಒಂದೇ. ಹೊಸ ಕಾರ್ಟ್ರಿಜ್‌ನಲ್ಲಿ ತಾಳದ ಸದ್ದು ಕಿವಿಗೆ ಚುಚ್ಚುತ್ತಿತ್ತು. ಚೂಪು ಸದ್ದುಗಳನ್ನು ಏರಿಸಿ ಇಳಿಸುವ ಟ್ರೆಬಲ್ ಗುಂಡಿಯನ್ನು ಪೂರ್ತಿ ಇಳಿಸಿದೆ.

ಒಂದು ಭಾನುವಾರ ಅವಳು ಚಹಾ ತಂದು ನಿಂತಳು. "ಈ ತಾಳದವರಿಗೆ ಮೆತ್ತಗ ಬಡೀರಿ ಅಂತ ಯಾರಾದರೂ ಹೇಳಬೇಕಿತ್ತು ನೋಡು" ಎಂದು ನಕ್ಕೆ. ಅವಳು ನಗಲಿಲ್ಲ.

"ಅದು ನಾನು" ಎಂದಳು.

ನಾನು ತಟ್ಟೆ ನಿಲ್ಲಿಸಿದೆ.

"ನನಗ ಶ್ರುತಿ ನಿಲ್ಲಂಗಿಲ್ಲ. ಭಜನಿ ಮಾಸ್ತರರು ಹಾಡಬ್ಯಾಡ ಅಂದು ಕೈಯಾಗ ತಾಳ ಕೊಟ್ರು. ನೀವು ಹಾಡು ಕೇಳಿ ಒಪ್ಪಿದ್ರಿ. ಬರಂಗಿಲ್ಲ ಅಂತ ಹ್ಯಾಂಗ ಹೇಳಲಿ? ಆರು ವರ್ಷ ಆತು, ಇದೇ ಅಂಜಿಕಿ."

ನನಗೆ ನಾಚಿಕೆಯಾಯಿತು. ಇಷ್ಟು ದಿನ ಹುಡುಕಿ ಹುಡುಕಿ, ಅವಳೊಬ್ಬಳನ್ನೇ ನನ್ನ ಕೈಯಾರೆ ಹೊರಗಿಟ್ಟಿದ್ದೆ.

"ಅವತ್ತು ನಾ ಹಾಡು ಕೇಳೇ ಇಲ್ಲ. ನಿನ್ನ ನೋಡಾಕತ್ತಿದ್ದೆ" ಎಂದೆ. ನಿಜವನ್ನೇ ಹೇಳಿದ್ದೆ, ಆದರೆ ಅವಳು ನಂಬಿದಂತೆ ಕಾಣಲಿಲ್ಲ. ಗುಂಡಿಯನ್ನು ಪೂರ್ತಿ ಏರಿಸಿ ಮುಳ್ಳನ್ನು ಮತ್ತೆ ಅಂಚಿಗೆ ಇಟ್ಟೆ. ಹಾಡು ಮುಗಿಯುವವರೆಗೆ ತಾಳವನ್ನೇ ಹಿಂಬಾಲಿಸಿ ಕೇಳಿದೆ. ತೆಳ್ಳಗಿನ ದನಿ ಪ್ರತಿ ಸಾಲಿಗೂ ಹಿಂದೆ ಬಿದ್ದರೆ, ತಾಳ ಅದನ್ನು ಕಾದು ಕರೆದುಕೊಂಡು ಹೋಗುತ್ತಿತ್ತು.

"ಎಲ್ಲೂ ತಪ್ಪಿಲ್ಲಲ್ಲ" ಎಂದೆ.

"ನಾ ತಾಳ ತಪ್ಪಂಗಿಲ್ರೀ" ಎಂದಳು. ಆರು ವರ್ಷಗಳಲ್ಲಿ ಅವಳು ತನ್ನ ಬಗ್ಗೆ ಹೆಮ್ಮೆಯಿಂದ ಆಡಿದ ಮೊದಲ ಮಾತು ಅದು.