ಅಕ್ಕ ಕಲಿಸಿದ ತುಕ್ಕಿನ ಪಾಠ

ನನ್ನ ಅಕ್ಕ ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದಳು. ಮದುವೆಯಾಗಲಿಲ್ಲ, ಆಗಬೇಕೆಂದು ಅವಳಿಗೆ ಅನಿಸಿದ ಹಾಗೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಮೆಲ್ಕಾರಿಗೆ, ನನ್ನ ಮನೆಗೆ ಬಂದು ಉಳಿದಳು. ನನ್ನ ಗಂಡ ತೀರಿಕೊಂಡು ಆಗಲೇ ಕೆಲವು ವರ್ಷ ಆಗಿತ್ತು. ಹೆದ್ದಾರಿಯ ಬದಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಉಂಟು, ಅದರ ಹಿಂದಿನ ಓಣಿಯಲ್ಲಿ ಮನೆ. ಬೆಳಿಗ್ಗೆ ನಾನು ಅಂಗಡಿ ತೆರೆಯುವಾಗ ಅಕ್ಕ ಪೇಪರ್ ಓದಿ ಮುಗಿಸಿ, ಅದರಲ್ಲಿ ವಿಜ್ಞಾನದ ವಿಷಯ ಎಲ್ಲೆಲ್ಲಿ ತಪ್ಪಾಗಿದೆ ಎಂದು ಹೇಳಲು ಬಂದು ಕುಳಿತಿರುತ್ತಿದ್ದಳು.

ಅವಳ ನೆನಪಿನ ಶಕ್ತಿ ಊರಿಗೇ ಗೊತ್ತಿದ್ದದ್ದು. ಬಸ್ಸಿನಲ್ಲಿ ಯಾರೋ ಗಡ್ಡದ ಗಂಡಸು ಎದ್ದು ನಿಂತು ಸೀಟು ಬಿಟ್ಟುಕೊಟ್ಟರೆ, ಅವನು ಯಾವ ಬೆಂಚಿನಲ್ಲಿ ಕೂರುತ್ತಿದ್ದ, ಯಾವ ಪಾಠದಲ್ಲಿ ನಿದ್ದೆ ಮಾಡುತ್ತಿದ್ದ ಎಂದು ಅಲ್ಲೇ ಹೇಳುತ್ತಿದ್ದಳು. ಅವನು ನಾಚಿಕೊಳ್ಳುವುದು, ಬಸ್ಸಿಡೀ ನಗುವುದು ನನಗೆ ನೋಡಿ ಅಭ್ಯಾಸವಾಗಿತ್ತು.

ಡಯಾಬಿಟಿಸ್ ಅವಳಿಗೆ ಕೆಲಸದಲ್ಲಿರುವಾಗಲೇ ಬಂದಿತ್ತು. "ನನಗೆ ಶುಗರ್ ಉಂಟು" ಎಂದು, ಕನ್ನಡಕ ಉಂಟು ಎನ್ನುವ ಹಾಗೆ ಹೇಳುತ್ತಿದ್ದಳು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಊಟದ ವಿಷಯದಲ್ಲಿ ಮಾತ್ರ ತನಗೆ ತೋಚಿದ ಹಾಗೆ. ಬರಬರುತ್ತಾ ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಹೀರೆಕಾಯಿ ಕೈಯಲ್ಲಿ ಹಿಡಿದುಕೊಂಡೇ "ಇದಕ್ಕೆ ಎಂತ ಹೇಳುವುದು ಮಾರಾಯ್ತಿ?" ಎಂದು ಕೇಳುವುದು ಶುರುವಾಯಿತು. ವಯಸ್ಸಾಯಿತಲ್ಲ ಎಂದು ನಾವಿಬ್ಬರೂ ನಕ್ಕು ಬಿಟ್ಟುಬಿಟ್ಟೆವು.

ಆ ವರ್ಷ ನವರಾತ್ರಿಯಲ್ಲಿ ಅವಳು ಉಪವಾಸ ಹಿಡಿದು ಒಬ್ಬಳೇ ಪೊಳಲಿಯ ದೇವಸ್ಥಾನಕ್ಕೆ ಹೋದಳು. ಮಧ್ಯಾಹ್ನದ ಬಿಸಿಲಿಗೆ ನಾನು ಅಂಗಡಿಯಿಂದ ಹೊರಗೆ ನೋಡಿದರೆ, ಜಂಕ್ಷನ್ನಿನಲ್ಲಿ ಬಸ್ಸಿಳಿದು ಅಕ್ಕ ಸುಮ್ಮನೆ ನಿಂತಿದ್ದಾಳೆ. ಕೈಯಲ್ಲಿ ಪ್ರಸಾದದ ಚೀಲ. ಬಸ್ಸು ಹೋಗಿ ಬೇರೆ ಬಸ್ಸು ಬಂತು. ಅವಳು ಕದಲಲಿಲ್ಲ. ನಾನು ರಸ್ತೆ ದಾಟಿ ಹೋಗಿ ಮುಂದೆ ನಿಂತೆ.

ಅವಳು ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ, ಕನ್ನಡದಲ್ಲಿ ಕೇಳಿದಳು: "ನೋಡಿ, ಮೂಡುಬಿದಿರೆಯ ಬಸ್ಸು ಎಲ್ಲಿ ನಿಲ್ಲುತ್ತದೆ, ಹೇಳ್ತೀರಾ?"

ನಮ್ಮ ಮನೆಮಾತು ತುಳು. ನಾನು ಹುಟ್ಟಿದಂದಿನಿಂದ ಅಕ್ಕ ನನ್ನೊಡನೆ ಕನ್ನಡ ಆಡಿದವಳಲ್ಲ. ಅದು ಅವಳು ಪರಿಚಯ ಇಲ್ಲದವರೊಡನೆ ಆಡುವ ಶಾಲೆಯ ಕನ್ನಡ. ಕೈ ಹಿಡಿದರೆ ಅದು ತಣ್ಣಗೆ, ಬೆವರಿನಿಂದ ಒದ್ದೆ. ಮಾತ್ರೆ ತಿಂದು ಊಟ ಬಿಟ್ಟಿದ್ದಾಳೆ ಎಂದು ಆಗ ಹೊಳೆಯಿತು. ಅಂಗಡಿಗೆ ಕರೆತಂದು ಕೂರಿಸಿದೆ. ಅವಳು ಎಚ್ಚರವಿದ್ದಳು, ಕುಡಿಯಬಲ್ಲವಳಾಗಿದ್ದಳು. ಸಕ್ಕರೆ ಜಾಸ್ತಿ ಹಾಕಿದ ಲಿಂಬೆ ಶರಬತ್ತನ್ನು ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಬೆಳಕು ಬಂತು. ತುಳುವಿನಲ್ಲಿ, "ನೀನು ಯಾಕೆ ಅಳ್ತಾ ಇದ್ದೀ?" ಎಂದು ಗದರಿದಳು.

ನಡೆದದ್ದನ್ನು ಹೇಳಿದೆ. ಅವಳು ಲೋಟ ಕೆಳಗಿಟ್ಟಳು. ಆಮೇಲೆ, "ನಿನ್ನನ್ನು ನೀವು ಅಂದೆನಾ?" ಎಂದಷ್ಟೇ ಕೇಳಿದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆಳ್ತಂಗಡಿಯಲ್ಲಿ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಡಾಕ್ಟರ್ ಆಗಿದ್ದಳು. "ಅವಳಾದರೆ ನನಗೆ ಸುಳ್ಳು ಹೇಳ್ಲಿಕ್ಕಿಲ್ಲ, ಅಲ್ಲಿಗೇ ಹೋಗುವ" ಎಂದಳು ಅಕ್ಕ. ಡಾಕ್ಟರ್ ಎದ್ದು ನಿಂತು ಟೀಚರನ್ನು ಕೂರಿಸಿದಳು. ರಕ್ತ ಪರೀಕ್ಷೆ ಮಾಡಿಸಿದಳು. ಗಡಿಯಾರದ ಚಿತ್ರ ಬಿಡಿಸಲು ಹೇಳಿದಳು, ಒಂದಷ್ಟು ಪದ ಹೇಳಿ ಕೊನೆಯಲ್ಲಿ ಪುನಃ ಕೇಳಿದಳು. ಪರೀಕ್ಷೆ ಬರೆಸುತ್ತಿದ್ದವಳು ಈಗ ಪರೀಕ್ಷೆಗೆ ಕುಳಿತು, ಸಿಗದ ಪದಕ್ಕಾಗಿ ಸೆರಗಿನ ತುದಿ ತಿರುವುತ್ತಿದ್ದಳು. ಅದನ್ನು ನೋಡಲಾಗದೆ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ರಿಪೋರ್ಟು ಬಂದ ಮೇಲೆ ಡಾಕ್ಟರ್ ಹೇಳಿದಳು: "ಟೀಚರ್, ಅವತ್ತು ಆದದ್ದು ಶುಗರ್ ಕಡಿಮೆಯಾಗಿ. ಆ ಮಾತ್ರೆ ಬದಲಿಸ್ತೇನೆ, ಇನ್ನು ಉಪವಾಸ ಬೇಡ. ಬಿ ಹನ್ನೆರಡು ವಿಟಮಿನ್ ಕಡಿಮೆ ಉಂಟು, ಅದಕ್ಕೆ ಇಂಜೆಕ್ಷನ್ ಕೊಡ್ತೇನೆ. ಆದರೆ ಈ ಸಣ್ಣ ಸಣ್ಣ ಮರೆವು ಅಷ್ಟರಿಂದಲೇ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಶುಗರ್ ಅಂದ್ರೆ ಕಣ್ಣು, ಕಿಡ್ನಿ, ಕಾಲು ಅಂತ ಎಲ್ಲರೂ ಹೇಳ್ತಾರೆ. ಮಿದುಳಿನ ಮಾತು ಯಾರೂ ಎತ್ತುವುದಿಲ್ಲ. ಸಕ್ಕರೆ ವರ್ಷಗಟ್ಟಲೆ ಏರಿಕೊಂಡು ಇದ್ದರೆ ಅಲ್ಲಿಯ ಸಪೂರ ರಕ್ತನಾಳಗಳಿಗೂ ಪೆಟ್ಟು ಬೀಳ್ತದೆ. ಗಾಯದ ಸುತ್ತ ಕೆಂಪಾಗಿ ಊದುವುದಿಲ್ಲವಾ, ಅಂಥದ್ದೇ ಉರಿಯೂತ ಒಳಗೊಳಗೇ ಇರ್ತದೆ, ನೋವು ಮಾತ್ರ ಇಲ್ಲ. ಇನ್ನೊಂದು..." ಎಂದು ನಿಲ್ಲಿಸಿ ನಕ್ಕಳು. "ಇನ್ನೊಂದು ನೀವೇ ಕಲಿಸಿದ್ದು. ಮೂರು ಪ್ರನಾಳ, ಮೂರು ಮೊಳೆ."

ಅಕ್ಕ ತಟ್ಟನೆ ನೆಟ್ಟಗಾದಳು. "ಒಂದು ಒಣಗಿದ್ದು. ಒಂದು ಬರೀ ನೀರು. ಒಂದು ಕುದಿಸಿ ಆರಿಸಿದ ನೀರು, ಮೇಲೆ ಎಣ್ಣೆ. ಬರೀ ನೀರಿನದ್ದಕ್ಕೆ ಮಾತ್ರ ತುಕ್ಕು ಹಿಡೀತದೆ, ನೀರೂ ಗಾಳಿಯೂ ಎರಡೂ ಸಿಕ್ಕಿತಲ್ಲ, ಅದಕ್ಕೆ."

"ಹಾಗೆಯೇ ಅಂತ ಇಟ್ಟುಕೊಳ್ಳಿ. ಜೀವಕೋಶದ ಒಳಗೆ ಆಮ್ಲಜನಕದ ಕೆಲವು ಪುಂಡು ಕಣಗಳು ಹುಟ್ತಾನೇ ಇರ್ತವೆ. ದೇಹ ಅವುಗಳನ್ನು ಹಿಡಿದು ಕೂರಿಸ್ತದೆ. ಸಕ್ಕರೆ ಹೆಚ್ಚಾದರೆ ಅವು ಜಾಸ್ತಿಯಾಗ್ತವೆ, ಹಿಡಿಯುವವರು ಸಾಕಾಗುವುದಿಲ್ಲ."

"ಹಾಗಾದರೆ ನನ್ನ ಮಿದುಳಿಗೆ ಆ ಎಣ್ಣೆಯ ಪದರ ಯಾವುದು?"

"ಅಂಥ ಒಂದೇ ಒಂದು ಮದ್ದು ನನ್ನ ಹತ್ತಿರ ಇಲ್ಲ, ಟೀಚರ್" ಎಂದಳು ಡಾಕ್ಟರ್. "ಸಕ್ಕರೆ, ಬೀಪಿ ಹತೋಟಿಯಲ್ಲಿಡುವುದು, ನಡೆಯುವುದು, ಸರಿಯಾದ ಊಟ, ನಿದ್ದೆ, ನಿಮ್ಮ ಊದಿಕೊಂಡ ವಸಡನ್ನು ಡೆಂಟಿಸ್ಟಿಗೆ ತೋರಿಸುವುದು, ಮಿದುಳಿಗೆ ಹೊಸ ಕೆಲಸ ಕೊಡುವುದು. ಎಲ್ಲ ಸೇರಿ ಒಂದು ತೆಳ್ಳಗಿನ ಪದರ. ಹೋದದ್ದೆಲ್ಲ ವಾಪಸ್ ಬರ್ತದೆ ಅಂತ ನಾನು ಹೇಳುವುದಿಲ್ಲ. ಇರುವುದನ್ನು ಕಾಯುವ."

ಬಸ್ಸಿನಲ್ಲಿ ಬರುವಾಗ ಅಕ್ಕ ಕಿಟಕಿಯ ಹೊರಗೆ ನೋಡುತ್ತಾ, "ಚೆನ್ನಾಗಿ ಕಲಿತಿದ್ದಾಳೆ" ಎಂದಳು.

ಮರುದಿನದಿಂದ ನಮ್ಮ ಮನೆ ಪ್ರಯೋಗಶಾಲೆಯಾಯಿತು. ಕುಚ್ಚಲಕ್ಕಿ ಅನ್ನ ಬಟ್ಟಲಿನ ಮೂಲೆಗೆ ಸರಿಯಿತು. ಹರಿವೆ, ಬಸಳೆ, ಹೆಸರುಕಾಳು ಮಧ್ಯಕ್ಕೆ ಬಂದವು. ಬೂತಾಯಿ ಮೀನು ಬಂದ ದಿನ ಅಕ್ಕ ಅದನ್ನು ಎಣ್ಣೆಯಲ್ಲಿ ಕಾಯಿಸಲು ಬಿಡದೆ ಹುಳಿ, ಮೆಣಸು ಅರೆದು ಹಾಕಿದ ಪುಳಿಮುಂಚಿಯೇ ಮಾಡಿಸುತ್ತಿದ್ದಳು. ಬೆಲ್ಲದ ಕಾಫಿ ಬಿಡುವಾಗ ಮಾತ್ರ ಒಂದು ವಾರ ನನ್ನ ಮೇಲೆ ಸಿಟ್ಟಾಗಿದ್ದಳು, ನಾನೇ ಅವಳಿಗೆ ಶುಗರ್ ಬರಿಸಿದ ಹಾಗೆ. ಹಿತ್ತಿಲಿನ ತಿಮರೆ, ಅಂದರೆ ಒಂದೆಲಗ ಸೊಪ್ಪಿನ ಚಟ್ನಿ ಬುದ್ಧಿಗೆ ಒಳ್ಳೆಯದು ಎಂದು ಅಕ್ಕಪಕ್ಕದವರೆಲ್ಲ ಹೇಳಿದರು. "ಚಟ್ನಿ ರುಚಿ ಉಂಟು, ತಿನ್ನುವ. ಮಾತ್ರೆ ಬಿಟ್ಟು ತಿನ್ನುವುದು ಬೇಡ" ಎಂದಳು ಅಕ್ಕ. ಸಂಜೆ ಇಬ್ಬರೂ ಪಾಣೆಮಂಗಳೂರಿನ ಹಳೆಯ ಸೇತುವೆಯವರೆಗೆ ನಡೆಯುತ್ತಿದ್ದೆವು. ಮಳೆ ಬಂದರೆ ಅಂಗಡಿಯ ಒಳಗೇ, ಸೀರೆಯ ಕಪಾಟುಗಳ ನಡುವೆ ಅತ್ತಿಂದಿತ್ತ. ಗಿರಾಕಿಗಳು ದಾರಿ ಬಿಡುತ್ತಿದ್ದರು.

ದುಬಾಯಿಯಿಂದ ರಜೆಯಲ್ಲಿ ಬಂದ ನಮ್ಮ ದೊಡ್ಡಮ್ಮನ ಸೊಸೆ ಒಂದು ಚಂದದ ಡಬ್ಬಿ ತಂದುಕೊಟ್ಟಳು. "ಅಕ್ಕ, ಇದು ಮಿದುಳಿನ ಉರಿ, ವಿಷ ಎಲ್ಲ ತೆಗೀತದಂತೆ. ಒಂದು ಚಮಚ ಸಾಕಂತೆ."

ಅಕ್ಕ ಕನ್ನಡಕ ಹಾಕಿ ಡಬ್ಬಿಯನ್ನು ಸುತ್ತಲೂ ಓದಿದಳು. "ಒಳಗೆ ಎಂತ ಉಂಟು ಅಂತಲೇ ಬರೆದಿಲ್ಲವಲ್ಲ?"

"ಅದು ಅವರ ಗುಟ್ಟಂತೆ."

"ನಿನ್ನ ಪ್ರೀತಿ ನಾನು ಇಟ್ಟುಕೊಳ್ತೇನೆ. ಡಬ್ಬಿ ನೀನು ಕೊಂಡುಹೋಗು" ಎಂದು ಅವಳ ಕೆನ್ನೆ ಸವರಿದಳು. ಬಂದವಳಿಗೆ ಬೇಸರವಾಗಲಿಲ್ಲ. ನನಗೆ ಮನಸ್ಸಿನೊಳಗೇ ಹೆಮ್ಮೆ. ನಾನಾಗಿದ್ದರೆ ಒಂದು ಚಮಚ ತಿಂದುಬಿಡುತ್ತಿದ್ದೆ.

ಮಿದುಳಿಗೆ ಹೊಸ ಕೆಲಸವೆಂದು ಅವಳು ಆರಿಸಿದ್ದು ನಮ್ಮ ಕಡೆಯ ಮುಸ್ಲಿಮರು ಆಡುವ ಬ್ಯಾರಿ ಭಾಷೆ. ನನ್ನ ಅಂಗಡಿಯ ಪಕ್ಕದಲ್ಲಿ ಟೈಲರ್ ಕೆಲಸ ಮಾಡುವ ಬ್ಯಾರಿ ಹೆಂಗಸೊಬ್ಬಳಿದ್ದಾಳೆ. ಅಕ್ಕ ದಿನಾ ಅವಳ ಮಿಷನ್ನಿನ ಪಕ್ಕ ಕುಳಿತು ತಪ್ಪು ತಪ್ಪಾಗಿ ಮಾತಾಡುವುದು, ಆಕೆ ನಗುತ್ತಾ ತಿದ್ದುವುದು. ಬೈಸಿಕೊಂಡು ಕಲಿಯುವ ಖುಷಿ ಈ ಪ್ರಾಯಕ್ಕೆ ಗೊತ್ತಾಯಿತು ಎನ್ನುತ್ತಿದ್ದಳು.

ಮರುವರ್ಷ ಅವಳ ಶಾಲೆಯ ಹಳೆ ವಿದ್ಯಾರ್ಥಿಗಳು ಮೂಡುಬಿದಿರೆಯಲ್ಲಿ ಒಂದು ಸಭೆ ಇಟ್ಟುಕೊಂಡು, ಟೀಚರ್ ಮಾತಾಡಬೇಕು ಎಂದರು. ನನಗೆ ಬೇಡವೆನಿಸಿತು. ಅಷ್ಟು ಜನರ ಎದುರು ಮರೆತರೆ? "ಶಾಲೆಯ ದಿನಗಳ ಬಗ್ಗೆ ನಾಲ್ಕು ಮಾತಾಡಿ ಕೂತ್ಕೋ" ಎಂದೆ. ಅವಳು ಕೇಳಲಿಲ್ಲ. ವೇದಿಕೆಯ ಮೇಜಿನ ಮೇಲೆ ಮೂರು ಪ್ರನಾಳಗಳನ್ನು ಇರಿಸಿಕೊಂಡು, ತನ್ನ ಕಥೆಯನ್ನೇ ಶುರುಮಾಡಿದಳು. ಜಂಕ್ಷನ್ನಿನಲ್ಲಿ ತಂಗಿಯ ಗುರುತು ಸಿಗದೆ ನಿಂತದ್ದು, ಗಡಿಯಾರ ಬಿಡಿಸಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ತುಕ್ಕು ಹಿಡಿದ ಮೊಳೆಯನ್ನು ಎತ್ತಿ ತೋರಿಸಿ, "ಇಲ್ಲಿ ನಡೆದ ಕ್ರಿಯೆಗೆ ನಾವು ಎಂತ ಹೇಳ್ತೇವೆಂದರೆ..." ಎಂದವಳು ನಿಂತಳು.

ಪದ ಸಿಗಲಿಲ್ಲ. ನಾನು ಮುಂದಿನ ಸಾಲಿನಲ್ಲಿ ಕುರ್ಚಿಯ ಕೈ ಹಿಡಿದುಕೊಂಡೆ.

ಅಕ್ಕ ಮೊಳೆಯನ್ನು ನಿಧಾನವಾಗಿ ಕೆಳಗಿಟ್ಟಳು. "ಪದ ಸಿಗ್ತಾ ಇಲ್ಲ. ನೀವು ಹೆದರಬೇಡಿ, ನಾನೂ ಈಗ ಹೆದರುವುದಿಲ್ಲ. ಹಿಂದಿನ ಬೆಂಚಿನವರು ಹೇಳಿ ನೋಡುವ."

ಹಿಂದಿನಿಂದ ದಪ್ಪ ಧ್ವನಿಯೊಂದು, "ಉತ್ಕರ್ಷಣ, ಟೀಚರ್!" ಎಂದು ಕೂಗಿತು.

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಕಿಟಕಿಯ ಹತ್ತಿರ ಕೂರ್ತಿದ್ದವನು ನೀನು. ಪರೀಕ್ಷೆಯಲ್ಲಿ ಇದನ್ನೇ ಆಕರ್ಷಣ ಅಂತ ಬರೆದಿದ್ದಿ. ಈಗಲಾದರೂ ಬಂತಲ್ಲ ಮಾರಾಯ!"

ನಗು ಎಂದರೆ ಎಂಥ ನಗು. ಅವನೂ ಎದ್ದು ನಿಂತು ನಗುತ್ತಾ ಕಣ್ಣೊರೆಸಿಕೊಂಡ. ಅಕ್ಕ ಆ ನಗುವಿನ ಮಧ್ಯೆಯೇ ಪಾಠ ಮುಂದುವರಿಸಿ ಮುಗಿಸಿದಳು. ನನ್ನ ಪಕ್ಕದಲ್ಲಿ ಕುಳಿತಿದ್ದ ಜೈನ ಮನೆತನದ ಹಿರಿಯರೊಬ್ಬರು, "ನಿಮಗೆ ಅವರು ಏನಾಗಬೇಕು?" ಎಂದು ಕೇಳಿದರು. "ನನ್ನ ಅಕ್ಕ" ಎಂದೆ. ಆ ಎರಡು ಪದಗಳನ್ನು ನಾನು ಅಷ್ಟು ಗಟ್ಟಿಯಾಗಿ ಹಿಂದೆಂದೂ ಹೇಳಿರಲಿಲ್ಲ.

ಸಭೆ ಮುಗಿದ ಮೇಲೆ ಊಟಕ್ಕೆ ಹೋಗಲು ಬಿಡದೆ ಜನ ಅವಳನ್ನು ಸುತ್ತಿಕೊಂಡರು. ಶುಗರ್ ಇದ್ದೂ ಯಾರಿಗೂ ಹೇಳದವರು, ಮಾತ್ರೆ ನಿಲ್ಲಿಸಿದವರು, ತಾಯಿಯ ಮರೆವನ್ನು ವಯಸ್ಸೆಂದು ಬಿಟ್ಟವರು. ಅವಳು ಒಬ್ಬೊಬ್ಬರನ್ನೂ ಗದರಿ, "ಡಾಕ್ಟರ ಹತ್ತಿರ ಹೋಗ್ತೇನೆ ಅಂತ ಮಾತು ಕೊಡು" ಎಂದು ಕೈ ಚಾಚುತ್ತಿದ್ದಳು.

ಮೊನ್ನೆ ಬೆಳ್ತಂಗಡಿಯ ತಪಾಸಣೆಗೆ ನಾನು ಬರುತ್ತೇನೆಂದರೆ, "ಅಂಗಡಿ ನೋಡ್ಕೋ" ಎಂದು ಒಬ್ಬಳೇ ಹೋದಳು. ಸಂಜೆ ಬಂದವಳು ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದಳು: ಮರೆವು ಹಿಂದೆಯೂ ಹೋಗಿಲ್ಲ, ಮುಂದೆಯೂ ಬಂದಿಲ್ಲ, ನಿಂತಲ್ಲೇ ನಿಂತಿದೆ ಎಂದಳಂತೆ ಡಾಕ್ಟರ್. ಆಮೇಲೆ ಚೀಲದಿಂದ ಎಳೆ ಮುಳ್ಳುಸೌತೆ ತೆಗೆದು ನನ್ನ ಮುಂದಿಟ್ಟಳು. "ದಾರಿಯಲ್ಲಿ ಚಂದ ಕಂಡಿತು. ಕತ್ತರಿಸು, ಉಪ್ಪು ಮಾತ್ರ ಹಾಕಬೇಡ."